ಫ್ಲೋರೈಡ್ ಹಲ್ಲಲ್ಲಿ ಕಾಣುತ್ತೆ, ಸೀಸ ಎಲ್ಲೂ ಕಾಣಲ್ಲ

(ಪಾಡ್‌ಕಾಸ್ಟ್‌ನಲ್ಲಿ ಪ್ರಸಾರವಾದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇವೆ.)



ಇವತ್ತು ಸೀಸದ ಬಗ್ಗೆ ಮಾತಾಡೋಣ. ಸೀಸೆ ಅಲ್ಲ, ಸೀಸ. ಕೇಳಬಾರದ ಮಾತು ಕೇಳಿದಾಗ ಕಿವಿಗೆ ಕಾದ ಸೀಸ ಹುಯ್ದ ಹಾಗಾಯ್ತು ಅಂತೀವಲ್ಲ, ಆ ಸೀಸ. ಶಾಲೆಯಲ್ಲಿ ಪೆನ್ಸಿಲ್‌ಗೆ ಸೀಸದ ಕಡ್ಡಿ ಅಂತ ಹೇಳಿಕೊಟ್ಟಿದ್ರು. ತಮಾಷೆ ಏನಂದ್ರೆ ಸೀಸದ ಕಡ್ಡಿಯಲ್ಲಿ ಸೀಸ ಇಲ್ಲ. ಅದು ಗ್ರಾಫೈಟ್, ಇದ್ದಿಲಿನ ನೆಂಟ. ಹೆಸರಲ್ಲಿ ಇದೆ, ವಸ್ತುವಿನಲ್ಲಿ ಇಲ್ಲ. ಆದರೆ ಹೆಸರೇ ಇಲ್ಲದ ಎಷ್ಟೋ ಜಾಗದಲ್ಲಿ ಸೀಸ ಕೂತಿದೆ. ನಾನು ಹೇಳಬೇಕು ಅಂದುಕೊಂಡಿರೋದು ಅದನ್ನೇ.

ಅದಕ್ಕೆ ಮೊದಲು ನಮ್ಮ ಜಿಲ್ಲೆಗೆ ಚೆನ್ನಾಗಿ ಪರಿಚಯ ಇರೋ ಇನ್ನೊಂದು ವಿಷದ ಮಾತು. ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು ಕಡೆ ಕೆಲವು ಹಳ್ಳಿಗಳಲ್ಲಿ ಮಗು ಬಾಯಿ ಬಿಟ್ಟು ನಕ್ಕರೆ ಸಾಕು, ಆ ಊರಿನ ಬೋರ್‌ವೆಲ್ ನೀರು ಹೆಂಗಿದೆ ಅಂತ ಗೊತ್ತಾಗುತ್ತೆ. ಹಲ್ಲಿನ ಮೇಲೆ ಕಂದು ಗೆರೆ, ಹಳದಿ ಮಚ್ಚೆ. ವಯಸ್ಸಾದವರಲ್ಲಿ ಬೆನ್ನು ಬಗ್ಗಿರುತ್ತೆ, ಕೀಲು ಹಿಡಿದಿರುತ್ತೆ. ಇದು ಫ್ಲೋರೈಡ್. ಒಂದು ಲೀಟರ್ ನೀರಿನಲ್ಲಿ 1.5 ಮಿಲಿಗ್ರಾಂವರೆಗೆ ಇರಬಹುದು ಅನ್ನೋದು ಮಿತಿ. ಬೋರ್ ಆಳ ಆಳ ಹೋದಂತೆ ಎಷ್ಟೋ ಕಡೆ ಆ ಮಿತಿ ದಾಟಿತು.

ಆದರೆ ಒಂದು ವಿಷಯ ಗಮನಿಸಿ. ಫ್ಲೋರೈಡ್ ಕಣ್ಣಿಗೆ ಕಂಡಿತು. ಹೆಣ್ಣು ನೋಡೋಕೆ ಬಂದವರು ಹಲ್ಲು ನೋಡಿ ಮಾತಾಡಿದರು, ಮೇಷ್ಟ್ರು ನೋಡಿದರು, ದಂತವೈದ್ಯರು ನೋಡಿದರು, ಪೇಪರಿನವರು ಫೋಟೋ ಹಾಕಿದರು. ಕಂಡಿದ್ದಕ್ಕೇ ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕ ಬಂತು, ಇಪ್ಪತ್ತು ಲೀಟರ್ ಕ್ಯಾನ್ ಹಿಡಿದು ಸಾಲಾಗಿ ನಿಲ್ಲೋದು ಅಭ್ಯಾಸ ಆಯ್ತು. ಹಾಗೇ 2018ರಲ್ಲಿ ಕೆ.ಸಿ. ವ್ಯಾಲಿ ನೀರು ಲಕ್ಷ್ಮೀಸಾಗರ ಕೆರೆಗೆ ಬಂದಾಗ ನೊರೆ ಕಂಡಿತು. ಗಲಾಟೆ ಆಯ್ತು, ಕೋರ್ಟಿಗೂ ಹೋಯ್ತು. 'ಹೆವಿ ಮೆಟಲ್' ಅನ್ನೋ ಪದ ನಮ್ಮ ಟೀ ಅಂಗಡಿಗಳಿಗೆ ಬಂದಿದ್ದೇ ಆಗ. ಕಂಡ ವಿಷಕ್ಕೆ ನಮ್ಮ ಜನ ಸುಮ್ಮನಿರಲ್ಲ.

ಸೀಸಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ನೊರೆ ಇಲ್ಲ. ಮಕ್ಕಳ ಮೆದುಳಿಗೆ ಹಾನಿ ಮಾಡುವ ಪ್ರಮಾಣದಲ್ಲಿ ಅದು ಮೈಮೇಲೆ ಯಾವ ಗುರುತೂ ಬಿಡೋದಿಲ್ಲ. ಮಗು ಊಟ ಮಾಡುತ್ತೆ, ಆಡುತ್ತೆ, ತೂಕ ಸರಿಯಾಗಿರುತ್ತೆ. ಆಮೇಲೆ ಯಾವತ್ತೋ ಮೂರನೇ ಕ್ಲಾಸಿನಲ್ಲಿ ಮೇಡಂ ಹೇಳ್ತಾರೆ, 'ಇವನಿಗೆ ಗಮನ ನಿಲ್ಲಲ್ಲ, ಒಂದು ಕಡೆ ಕೂರಲ್ಲ.' ನಾವು 'ತಲೆ ಓಡಲ್ಲ' ಅಂತ ಷರಾ ಬರೆದು ಮುಗಿಸ್ತೀವಿ. ಹಾಗನ್ನಿಸಿಕೊಂಡ ಮಕ್ಕಳೆಲ್ಲರಿಗೂ ಸೀಸ ಕಾರಣ ಅಂತ ನಾನು ಹೇಳ್ತಿಲ್ಲ. ಎಷ್ಟು ಜನಕ್ಕೆ ಕಾರಣ ಅಂತ ತಿಳಿಯೋಕೆ ಇರೋದು ಒಂದೇ ದಾರಿ, ರಕ್ತ ಪರೀಕ್ಷೆ. ಆ ಪರೀಕ್ಷೆಯನ್ನ ನಮ್ಮಲ್ಲಿ ಯಾರೂ ವಾಡಿಕೆಯಾಗಿ ಮಾಡಿಸೋದಿಲ್ಲ.

ಹಲ್ಲಿನ ಮಾತು ಬಂತಲ್ಲ, ಸೀಸದ ಕಥೆಯಲ್ಲೂ ಹಲ್ಲು ಇದೆ. ನಮ್ಮಲ್ಲಿ ಹಾಲುಹಲ್ಲು ಬಿದ್ದರೆ ಸಗಣಿಯೊಳಗಿಟ್ಟು ಸೂರಿನ ಮೇಲೆ ಎಸೀತೀವಿ. ಅಮೆರಿಕದಲ್ಲಿ ಹರ್ಬರ್ಟ್ ನೀಡಲ್‌ಮನ್ ಅಂತ ಒಬ್ಬ ಮಕ್ಕಳ ಡಾಕ್ಟರು ಆ ಹಲ್ಲುಗಳನ್ನ ಕೂಡಿಟ್ಟರು. ಬಾಸ್ಟನ್ ಪಕ್ಕದ ಚೆಲ್ಸಿ, ಸೋಮರ್‌ವಿಲ್ ಅನ್ನೋ ಎರಡು ಊರಿನ ಒಂದನೇ, ಎರಡನೇ ಕ್ಲಾಸಿನ ಮಕ್ಕಳಿಂದ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳ ಹಲ್ಲು. ಸೀಸ ಹೋಗಿ ಕೂರೋದು ಮೂಳೆ ಮತ್ತೆ ಹಲ್ಲಿನಲ್ಲಿ, ಹಾಗಾಗಿ ಹಾಲುಹಲ್ಲು ಅಂದ್ರೆ ಮಗು ಅಲ್ಲಿವರೆಗೆ ಎಷ್ಟು ಸೀಸ ತಿಂದಿದೆ ಅನ್ನೋ ಲೆಕ್ಕದ ಪುಸ್ತಕ. ಮಕ್ಕಳ ಟೀಚರ್‌ಗಳಿಗೆ ಯಾರ ಹಲ್ಲಲ್ಲಿ ಎಷ್ಟಿದೆ ಅಂತ ಹೇಳದೇನೇ, ಪ್ರತಿ ಮಗು ತರಗತಿಯಲ್ಲಿ ಹೇಗೆ ಇರುತ್ತೆ ಅಂತ ಕೇಳಿ ಬರೆಸಿಕೊಂಡರು. ಹಲ್ಲಲ್ಲಿ ಸೀಸ ಜಾಸ್ತಿ ಆದಂತೆ ಟೀಚರ್‌ಗಳ ದೂರೂ ಜಾಸ್ತಿ. ಹೇಳಿದ್ದು ಕೇಳಲ್ಲ, ಹಿಡಿದ ಕೆಲಸ ಮುಗಿಸಲ್ಲ, ಬೇಗ ಸಿಟ್ಟಾಗ್ತಾನೆ. ಬುದ್ಧಿಮಟ್ಟದ ಪರೀಕ್ಷೆಯಲ್ಲೂ ಹೆಚ್ಚು ಸೀಸದ ಗುಂಪು ಸುಮಾರು ನಾಲ್ಕು ಅಂಕ ಹಿಂದೆ. ಇದು 1979ರ ಅಧ್ಯಯನ. ಆ ಮಕ್ಕಳಲ್ಲಿ ಒಬ್ಬರಿಗೂ ಡಾಕ್ಟರ್ ಹತ್ತಿರ ಹೋಗುವಂಥ ಕಾಯಿಲೆ ಇರಲಿಲ್ಲ, ಅದೇ ಇಲ್ಲಿ ಮುಖ್ಯ. ನೀಡಲ್‌ಮನ್ ಮೇಲೆ ಆಮೇಲೆ ಅಂಕಿ ಅಂಶ ತಿರುಚಿದರು ಅಂತ ದೂರು ಹಾಕಿದರು. ದೂರು ಕೊಟ್ಟವರು ಸೀಸದ ಕಂಪನಿಗಳ ಪರ ಸಾಕ್ಷಿ ಹೇಳಿದ್ದವರು. ವಿಚಾರಣೆ ಆಯ್ತು, ತಿರುಚಿದ್ದಕ್ಕೆ ಪುರಾವೆ ಸಿಗಲಿಲ್ಲ.

ನಾಲ್ಕು ಅಂಕ ಅಂದ್ರೆ ಏನು ಮಹಾ ಅನ್ನಿಸಬಹುದು. ಒಂದು ಮಗುವಿನಲ್ಲಿ ನಿಮಗೆ ಅದು ಗೊತ್ತೇ ಆಗಲ್ಲ. ಒಂದು ಊರಿನ ಎಲ್ಲಾ ಮಕ್ಕಳೂ ನಾಲ್ಕು ಅಂಕ ಕೆಳಗೆ ಜಾರಿದರು ಅಂದುಕೊಳ್ಳಿ. ಪಾಸಿನ ಗೆರೆಯ ಮೇಲೆ ಕಷ್ಟಪಟ್ಟು ನಿಂತಿದ್ದ ಮಕ್ಕಳೆಲ್ಲ ಗೆರೆಯ ಕೆಳಗೆ ಬರ್ತಾರೆ. ಅವರ ಅಪ್ಪ ಅಮ್ಮನಿಗೆ ಟ್ಯೂಷನ್‌ಗೆ ಕಳಿಸೋ ಶಕ್ತಿ ಇದ್ದಿದ್ದರೆ ಬೇರೆ ಮಾತು.

ಈ ಲೋಹ ಮೆದುಳಿಗೆ ಹೋಗೋದು ಹೇಗೆ? ಅದರ ಗುಟ್ಟು ಇಷ್ಟೇ: ಸೀಸಕ್ಕೆ ಕ್ಯಾಲ್ಸಿಯಂನ ವೇಷ ಹಾಕೋಕೆ ಬರುತ್ತೆ. ಕರುಳು ಕ್ಯಾಲ್ಸಿಯಂ, ಕಬ್ಬಿಣ ಬೇಕು ಅಂತ ಬಾಗಿಲು ತೆರೆದಿರುತ್ತೆ, ಸೀಸ ಆ ಬಾಗಿಲಲ್ಲೇ ನುಗ್ಗುತ್ತೆ. ನರಕೋಶಗಳು ಒಂದಕ್ಕೊಂದು ಮಾತಾಡೋದು ಕ್ಯಾಲ್ಸಿಯಂ ಸಂಕೇತದ ಮೂಲಕ. ಅಲ್ಲಿಗೆ ಸೀಸ ಹೋಗಿ ಕೂತರೆ ಸಂಕೇತ ತಪ್ಪುತ್ತೆ. ಹೊಸದನ್ನ ಕಲಿಯೋಕೆ, ನೆನಪಿಡೋಕೆ ಬೇಕಾದ ಎನ್‌ಎಂಡಿಎ ಅನ್ನೋ ಗ್ರಾಹಕಗಳನ್ನ ಅದು ಅಡ್ಡಗಟ್ಟುತ್ತೆ. ಮಗುವಿನ ಮೊದಲ ಐದಾರು ವರ್ಷದಲ್ಲಿ ಮೆದುಳು ಕೋಟಿಗಟ್ಟಲೆ ಸಂಪರ್ಕ ಕಟ್ಟುತ್ತೆ, ಬೇಡದ್ದನ್ನ ಕತ್ತರಿಸುತ್ತೆ, ನಮ್ಮ ಕಡೆ ಮಾವಿನ ಗಿಡ ಸವರೋ ಹಾಗೆ. ಆ ಹೊತ್ತಿನಲ್ಲಿ ಕತ್ತರಿ ತಪ್ಪಿ ಬಿದ್ದರೆ ಆಮೇಲೆ ಅಂಟಿಸೋಕೆ ಆಗಲ್ಲ. ಯೋಚನೆ ಮಾಡಿ ಕೆಲಸ ಮಾಡೋದು, ತಾಳ್ಮೆ, ಸಿಟ್ಟು ತಡೆಯೋದು, ಇದನ್ನೆಲ್ಲ ನೋಡಿಕೊಳ್ಳೋ ಹಣೆಯ ಹಿಂದಿನ ಭಾಗಕ್ಕೆ ಪೆಟ್ಟು ಜಾಸ್ತಿ.

ನುಂಗಿದ ಸೀಸವನ್ನ ದೊಡ್ಡವರಿಗಿಂತ ಮಕ್ಕಳು ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಅಂಬೆಗಾಲಿಡೋ ಮಗು ನೆಲದ ಮೇಲಿರುತ್ತೆ, ಕೈ ಬಾಯಲ್ಲಿರುತ್ತೆ. ರಕ್ತಹೀನತೆ ಇದ್ದರೆ ಹೀರುವಿಕೆ ಇನ್ನೂ ಜಾಸ್ತಿ. ರಕ್ತದಲ್ಲಿ ಸೀಸ ಒಂದು ತಿಂಗಳ ಆಜುಬಾಜು ಇದ್ದು ಅರ್ಧಕ್ಕೆ ಇಳಿಯುತ್ತೆ, ಆದರೆ ಮೂಳೆಗೆ ಸೇರಿದ್ದು ಹತ್ತಾರು ವರ್ಷ ಅಲ್ಲೇ ಇರುತ್ತೆ. ಚಿಕ್ಕವಳಿದ್ದಾಗ ಸೀಸ ಸೇರಿದ ಹುಡುಗಿ ಮುಂದೆ ಬಸುರಿ ಆದಾಗ ಮೂಳೆಯಿಂದ ಕ್ಯಾಲ್ಸಿಯಂ ಇಳಿಯುತ್ತೆ, ಅದರ ಜೊತೆ ಸೀಸವೂ ಇಳಿದು ಹೊಟ್ಟೆಯಲ್ಲಿರೋ ಕೂಸಿಗೆ ಹೋಗುತ್ತೆ. ಅಜ್ಜಿ ಕಾಲದ ಧೂಳು ಮೊಮ್ಮಗುವಿಗೆ.

ಎಷ್ಟು ಸೀಸ ಬೇಕು ಇದಕ್ಕೆಲ್ಲ? ವೈದ್ಯರು ಅಳೆಯೋದು ಡೆಸಿಲೀಟರ್, ಅಂದ್ರೆ ನೂರು ಮಿಲಿಲೀಟರ್ ರಕ್ತದಲ್ಲಿ ಎಷ್ಟು ಮೈಕ್ರೋಗ್ರಾಂ ಅಂತ. ಎರಡು ಎರಡೂವರೆ ವರ್ಷದ ಮಗುವಿನ ಮೈಯಲ್ಲಿ ಸುಮಾರು ಒಂದು ಲೀಟರ್ ರಕ್ತ ಇರುತ್ತೆ. 5 ಮೈಕ್ರೋಗ್ರಾಂ ಮಟ್ಟ ಅಂದ್ರೆ ಇಡೀ ರಕ್ತದಲ್ಲಿ 50 ಮೈಕ್ರೋಗ್ರಾಂ. ಪುಡಿ ಉಪ್ಪಿನ ಒಂದೇ ಒಂದು ಕಣ ಹೆಚ್ಚುಕಮ್ಮಿ ಅಷ್ಟು ತೂಗುತ್ತೆ.

ಅಮೆರಿಕದಲ್ಲಿ 1960ರ ದಶಕದಲ್ಲಿ 60 ಮೈಕ್ರೋಗ್ರಾಂವರೆಗೆ ಚಿಂತೆ ಇಲ್ಲ ಅಂತಿದ್ರು. ಆಮೇಲೆ 40 ಆಯ್ತು, 30 ಆಯ್ತು, 25 ಆಯ್ತು, 1991ರಲ್ಲಿ 10, 2012ರಲ್ಲಿ 5, 2021ರಲ್ಲಿ 3.5. ಪ್ರತಿ ಸಲ ಸರಿಯಾಗಿ ನೋಡಿದಾಗಲೂ ಇನ್ನೂ ಕೆಳಗೇ ಹಾನಿ ಕಂಡಿತು. 2005ರಲ್ಲಿ ಬ್ರೂಸ್ ಲ್ಯಾನ್‌ಫಿಯರ್ ಮತ್ತಿತರರು ಹಲವು ದೇಶಗಳ 1,333 ಮಕ್ಕಳ ಲೆಕ್ಕ ಒಟ್ಟಿಗೆ ಹಾಕಿದರು. ಮೊದಮೊದಲ ಮೈಕ್ರೋಗ್ರಾಂಗಳೇ ಹೆಚ್ಚು ಬುದ್ಧಿ ತಿನ್ನುತ್ತವೆ ಅನ್ನೋದು ಗೊತ್ತಾಯ್ತು. ಸೊನ್ನೆಯಿಂದ ಹತ್ತಕ್ಕೆ ಏರುವಾಗ ಆಗೋ ನಷ್ಟ, ಹತ್ತರಿಂದ ಇಪ್ಪತ್ತಕ್ಕೆ ಏರುವಾಗ ಆಗೋದಕ್ಕಿಂತ ದೊಡ್ಡದು. ಹಾಗಾಗಿ ಈಗ ಸುರಕ್ಷಿತ ಮಟ್ಟ ಅಂತ ಯಾರೂ ಹೇಳೋದಿಲ್ಲ.

ಇಲ್ಲಿ ಒಂದು ಅಡ್ಡ ಮಾತು. ಫ್ಲೋರೈಡ್ ಕೂಡ ಮೆದುಳಿಗೆ ತಾಗುತ್ತಾ ಅನ್ನೋ ಚರ್ಚೆ ಜೋರಾಗಿದೆ. ಲೀಟರ್‌ಗೆ 1.5 ಮಿಲಿಗ್ರಾಂ ದಾಟಿದ ಕಡೆ ಮಕ್ಕಳ ಬುದ್ಧಿಮಟ್ಟ ಕಡಿಮೆ ಇರೋದಕ್ಕೂ ಫ್ಲೋರೈಡ್‌ಗೂ ನಂಟು ಕಾಣುತ್ತೆ ಅಂತ ಅಮೆರಿಕದ ರಾಷ್ಟ್ರೀಯ ವಿಷಶಾಸ್ತ್ರ ಕಾರ್ಯಕ್ರಮ 2024ರಲ್ಲಿ ವರದಿ ಕೊಟ್ಟಿತು, ಮಧ್ಯಮ ಮಟ್ಟದ ಖಚಿತತೆ ಅನ್ನೋ ಮಾತು ಸೇರಿಸಿ. ಅಂದ್ರೆ ನಮ್ಮ ತಾಲ್ಲೂಕುಗಳ ಮಕ್ಕಳಿಗೆ ಎರಡೂ ಕಡೆಯಿಂದ ಪೆಟ್ಟು ಬೀಳೋ ಸಾಧ್ಯತೆ ಇದೆ. ಸೀಸದ ಮಾತನ್ನ ಕೋಲಾರದಲ್ಲಿ ಆಡಲೇಬೇಕು ಅನ್ನೋದಕ್ಕೆ ಇದೂ ಒಂದು ಕಾರಣ.

ಇನ್ನು ಚರಿತ್ರೆ. ಮನುಷ್ಯನಿಗೆ ಸೀಸದ ಸಹವಾಸ ಹೊಸದಲ್ಲ. ಮೃದು, ಭಾರ, ಸಲೀಸಾಗಿ ಕರಗುತ್ತೆ, ತುಕ್ಕು ಹಿಡಿಯಲ್ಲ. ನಮ್ಮ ಕಡೆ ಶಾತವಾಹನರ ಕಾಲದಲ್ಲಿ ಸೀಸದಲ್ಲೇ ನಾಣ್ಯ ಮಾಡ್ತಿದ್ರು, ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗೆದಾಗ ಸಿಕ್ಕಿವೆ. ರಸಶಾಸ್ತ್ರದಲ್ಲಿ ಸೀಸಕ್ಕೆ 'ನಾಗ' ಅಂತ ಹೆಸರು. ರೋಮನ್ನರು ದ್ರಾಕ್ಷಿರಸವನ್ನ ಸೀಸದ ಪಾತ್ರೆಯಲ್ಲಿ ಕಾಯಿಸಿ ಪಾಕ ಮಾಡ್ತಿದ್ರು, ಅದು ಸಿಹಿಯಾಗಿರುತ್ತೆ ಅಂತ. ನೀರಿಗೂ ಸೀಸದ ಕೊಳವೆ. ಅವರಲ್ಲೇ ವಿಟ್ರೂವಿಯಸ್ ಅನ್ನೋ ವಾಸ್ತುಶಿಲ್ಪಿ, ಸೀಸದ ಕೆಲಸ ಮಾಡೋರ ಮುಖ ಬಿಳುಚಿಕೊಂಡಿರೋದು ನೋಡಿ ಮಣ್ಣಿನ ಕೊಳವೆಯೇ ಒಳ್ಳೇದು ಅಂತ ಎರಡು ಸಾವಿರ ವರ್ಷದ ಹಿಂದೆ ಬರೆದಿದ್ದ. ಅಂದಿನ ಕುಲುಮೆಗಳ ಹೊಗೆ ಇವತ್ತಿಗೂ ಗ್ರೀನ್‌ಲ್ಯಾಂಡಿನ ಮಂಜುಗಡ್ಡೆಯ ಪದರದಲ್ಲಿ ಸಿಗುತ್ತೆ.

ಇಂಗ್ಲೆಂಡಿನ ಡೆವನ್‌ನಲ್ಲಿ ಸೇಬಿನ ಮದ್ಯ ಕುಡಿದವರಿಗೆ ಹೊಟ್ಟೆ ಹಿಂಡೋ ನೋವು, ಕೈ ಬಿದ್ದುಹೋಗೋದು ಆಗ್ತಿತ್ತು. ಗಾಣಗಳಲ್ಲಿ ಬಳಸೋ ಸೀಸವೇ ಕಾರಣ ಅಂತ 1767ರಲ್ಲಿ ಜಾರ್ಜ್ ಬೇಕರ್ ತೋರಿಸಿಕೊಟ್ಟ. ಬೆಂಜಮಿನ್ ಫ್ರಾಂಕ್ಲಿನ್ ಮುದ್ರಣದ ಮನುಷ್ಯ, ಸೀಸದ ಮೊಳೆಗಳನ್ನ ಬೆಂಕಿಗೆ ಕಾಯಿಸಿ ಜೋಡಿಸೋರ ಕೈ ಶಕ್ತಿ ಹೋಗೋದನ್ನ 1786ರ ಒಂದು ಕಾಗದದಲ್ಲಿ ಬರೆದಿದ್ದಾನೆ. ನಮ್ಮ ಕನ್ನಡ ಪತ್ರಿಕೆ, ಪುಸ್ತಕ ಎಲ್ಲಾ ದಶಕಗಟ್ಟಲೆ ಬಂದಿದ್ದು ಅದೇ ಸೀಸದ ಅಚ್ಚುಮೊಳೆಯಿಂದ. ಮೊಳೆ ಜೋಡಿಸಿದವರ ಬೆರಳು ಕಪ್ಪಾಗಿರ್ತಿತ್ತು. ಅವರ ಆರೋಗ್ಯದ ಚರಿತ್ರೆಯನ್ನ ನಾವು ಪತ್ರಿಕೆಯವರೇ ಬರೆದಿಲ್ಲ, ಅದು ಬೇರೆ ಮಾತು. ಕೆಜಿಎಫ್‌ನಂಥ ಕಡೆ ಅದಿರಿನಲ್ಲಿ ಚಿನ್ನ ಎಷ್ಟಿದೆ ಅಂತ ನೋಡೋ ಫೈರ್ ಅಸೇ ವಿಧಾನದಲ್ಲೂ ಚಿನ್ನವನ್ನ ಹಿಡಿಯೋದು ಸೀಸವೇ.

ಇದರಲ್ಲೆಲ್ಲ ಒಂದು ರೀತಿ ಇದೆ. ಸೀಸದ ವಿಷ ಮೊದಲು ಕಂಡಿದ್ದು ಕೆಲಸಗಾರರಲ್ಲಿ. ಮಣಿಕಟ್ಟು ಜೋತು ಬೀಳುತ್ತೆ, ಹೊಟ್ಟೆನೋವು, ವಸಡಿನಲ್ಲಿ ನೀಲಿ ಗೆರೆ. ಮಕ್ಕಳಲ್ಲಿ ಕಂಡಿದ್ದು ಬಹಳ ತಡ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಲಾಕ್‌ಹಾರ್ಟ್ ಗಿಬ್ಸನ್ ಅನ್ನೋ ಡಾಕ್ಟರು 1904ರಲ್ಲಿ, ಮನೆಯ ಜಗಲಿ ಕಟಕಟೆಯ ಬಣ್ಣ ಮಕ್ಕಳ ಕೈಯಿಂದ ಬಾಯಿಗೆ ಹೋಗಿ ವಿಷ ಆಗ್ತಿದೆ ಅಂತ ಹೇಳಿದರು. ಅಷ್ಟು ಹೇಳಿದ ಮೇಲೂ ಜಗತ್ತು ಬಣ್ಣದಲ್ಲಿ ಸೀಸ ಹಾಕೋದು ಬಿಡಲಿಲ್ಲ. ಅದು ಸಾಲದು ಅಂತ ಪೆಟ್ರೋಲಿಗೂ ಹಾಕಿದರು. 1921ರಲ್ಲಿ ಥಾಮಸ್ ಮಿಡ್‌ಗ್ಲಿ ಕಂಡುಹಿಡಿದ ಉಪಾಯ, ಇಂಜಿನ್ ಬಡಿತ ನಿಲ್ಲಿಸೋಕೆ. ಮಾರಿದ್ದು 'ಇಥೈಲ್' ಅನ್ನೋ ಹೆಸರಲ್ಲಿ. ಸೀಸ ಅನ್ನೋ ಪದವನ್ನ ಹೆಸರಿಂದ ಜಾಣತನದಲ್ಲಿ ಬಿಟ್ಟರು. 1924ರಲ್ಲಿ ನ್ಯೂಜೆರ್ಸಿಯ ಒಂದು ಘಟಕದಲ್ಲಿ ಐವರು ಕೆಲಸಗಾರರು ಬುದ್ಧಿ ಭ್ರಮಣೆಯಾಗಿ ಸತ್ತರು. ಆದರೂ ಮುಂದಿನ ಅರ್ಧ ಶತಮಾನ ಪ್ರಪಂಚದ ಎಲ್ಲಾ ರಸ್ತೆಗಳೂ ಸೀಸ ಕಾರಿದವು. 1970ರ ದಶಕದ ಕೊನೆಗೆ ಅಮೆರಿಕದ ಚಿಕ್ಕ ಮಕ್ಕಳ ಸರಾಸರಿ ಮಟ್ಟವೇ 15 ಮೈಕ್ರೋಗ್ರಾಂ ಇತ್ತು. ಪೆಟ್ರೋಲಿಂದ ತೆಗೆದ ಮೇಲೆ ಈಗ ಒಂದಕ್ಕಿಂತ ಕೆಳಗೆ.

ಭಾರತದಲ್ಲಿ ಸೀಸದ ಪೆಟ್ರೋಲ್ ಪೂರ್ತಿ ನಿಂತಿದ್ದು 2000ದಲ್ಲಿ. ಅದರ ಹಿಂದೆ ನಮ್ಮ ಪಕ್ಕದ ಬೆಂಗಳೂರಿನ ಕೆಲಸ ಇದೆ ಅನ್ನೋದು ಹೆಚ್ಚು ಜನಕ್ಕೆ ಗೊತ್ತಿಲ್ಲ. 1990ರ ದಶಕದ ಕೊನೆಯಲ್ಲಿ ಜಾರ್ಜ್ ಫೌಂಡೇಶನ್ 'ಪ್ರಾಜೆಕ್ಟ್ ಲೆಡ್ ಫ್ರೀ' ಅಂತ ಶುರು ಮಾಡಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನದ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅದರ ವಿಜ್ಞಾನದ ಬೆನ್ನೆಲುಬು. ಬೆಂಗಳೂರೂ ಸೇರಿ ದೊಡ್ಡ ನಗರಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ರಕ್ತ ಪರೀಕ್ಷೆ ಆಯ್ತು. ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ 10 ಮೈಕ್ರೋಗ್ರಾಂ ದಾಟಿತ್ತು. ಆಮೇಲೆ ಸೇಂಟ್ ಜಾನ್ಸ್‌ನಲ್ಲೇ ಸೀಸ ವಿಷಬಾಧೆಗೆ ರಾಷ್ಟ್ರೀಯ ರೆಫರಲ್ ಕೇಂದ್ರ ಆಯ್ತು. ವೆಂಕಟೇಶ್ ಅವರಿಗೆ 'ಲೆಡ್ ಮ್ಯಾನ್' ಅಂತಲೇ ಹೆಸರು ಬಿತ್ತು.

ಪೆಟ್ರೋಲ್ ಹೋಯ್ತಲ್ಲ, ಇನ್ನೇನು ಅಂತ ಕೇಳಬಹುದು. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆ ಲೆಕ್ಕ ಕೊಟ್ಟವು. ಪ್ರಪಂಚದಲ್ಲಿ 80 ಕೋಟಿ ಮಕ್ಕಳ ರಕ್ತದಲ್ಲಿ 5 ಮೈಕ್ರೋಗ್ರಾಂಗಿಂತ ಹೆಚ್ಚು ಸೀಸ ಇದೆ, ಅದರಲ್ಲಿ ಭಾರತದ ಪಾಲು ಸುಮಾರು 27 ಕೋಟಿ. ಇದು ಅಂದಾಜು, ಮನೆಮನೆಗೆ ಹೋಗಿ ಅಳೆದಿದ್ದಲ್ಲ. ಮುಳಬಾಗಿಲಿನ ಮಕ್ಕಳನ್ನ, ಶ್ರೀನಿವಾಸಪುರದ ಮಕ್ಕಳನ್ನ ಕೂರಿಸಿ ಅಳೆದರೆ ಅಂಕಿ ಮೇಲಾಗಬಹುದು, ಕೆಳಗೂ ಆಗಬಹುದು. ಅಳೆಯಬೇಕಷ್ಟೇ.

ಈಗ ಸೀಸ ಬರೋದು ಮುಖ್ಯವಾಗಿ ಬ್ಯಾಟರಿಯಿಂದ. ನಮ್ಮ ಕಡೆ ಬ್ಯಾಟರಿ ಇಲ್ಲದ ಕೆಲಸ ಯಾವುದು ಹೇಳಿ. ಟ್ರಾಕ್ಟರ್, ಟೊಮೆಟೊ ಸಾಗಿಸೋ ಟೆಂಪೊ, ಆಟೊ, ಕರೆಂಟ್ ಹೋದರೆ ಇನ್ವರ್ಟರ್. ಒಂದು ಇನ್ವರ್ಟರ್ ಬ್ಯಾಟರಿಯನ್ನ ಇಬ್ಬರು ಸೇರಿ ಎತ್ತಬೇಕು, ಆ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ. ಹಳೇದು ಕೊಟ್ಟರೆ ಹೊಸದಕ್ಕೆ ದುಡ್ಡು ಕಮ್ಮಿ ಮಾಡ್ತಾರೆ, ಯಾಕಂದ್ರೆ ಒಳಗಿರೋ ಸೀಸಕ್ಕೆ ಬೆಲೆ ಇದೆ. ಅದು ಪರವಾನಗಿ ಇರೋ ಕಾರ್ಖಾನೆಗೆ ಹೋಗಿ, ಮುಚ್ಚಿದ ಕುಲುಮೆಯಲ್ಲಿ, ಹೊಗೆ ಹಿಡಿಯೋ ವ್ಯವಸ್ಥೆಯಲ್ಲಿ ಕರಗಬೇಕು. ಮಾಲೂರು ತಾಲ್ಲೂಕಿನಲ್ಲಿ ಸೀಸದ ಮರುಬಳಕೆ ಉದ್ಯಮವೇ ಇದೆ. ಆದರೆ ಸೀಸ ಕರಗೋದು 327 ಡಿಗ್ರಿಯಲ್ಲಿ, ಸೌದೆ ಒಲೆಗೂ ಅದು ಸಲೀಸು. ಹಾಗಾಗಿ ದೇಶದ ಎಷ್ಟೋ ಕಡೆ ಗುಜರಿ ಅಂಗಡಿಯ ಹಿಂದೆ, ಹೊಲದ ಅಂಚಿನಲ್ಲಿ, ರಾತ್ರಿ ಹೊತ್ತು ಮಚ್ಚಿನಲ್ಲಿ ಬ್ಯಾಟರಿ ಒಡೆದು, ಆಸಿಡ್ ಮೋರಿಗೆ ಚೆಲ್ಲಿ, ಪ್ಲೇಟ್ ಕರಗಿಸ್ತಾರೆ. ಹಾಗೆ ಮಾಡೋದು ಕಾನೂನು ಬಾಹಿರ. 2001ರಿಂದಲೇ ಬ್ಯಾಟರಿ ನಿಯಮ ಇತ್ತು, 2022ರಲ್ಲಿ ಹೊಸ ನಿಯಮ ಬಂದು ಹಳೇ ಬ್ಯಾಟರಿ ವಾಪಸ್ ಪಡೆಯೋ ಜವಾಬ್ದಾರಿಯನ್ನ ತಯಾರಕರ ಮೇಲೇ ಹಾಕಿದೆ. ಒಡೆಯೋ ಕೆಲಸಕ್ಕೆ ಬರೋರು ಮಾತ್ರ ಬೇರೆ ಕೂಲಿ ಸಿಗದವರು, ಅವರ ಮೇಲೆ ರೇಗಿ ಪ್ರಯೋಜನ ಇಲ್ಲ.

ಇದರ ಪರಿಣಾಮ ಎಲ್ಲಿಗೆ ಹೋಗಬಹುದು ಅನ್ನೋಕೆ ಆಫ್ರಿಕಾದ ಸೆನೆಗಲ್ ನೋಡಿ. ಡಕಾರ್ ಪಕ್ಕದ ತಿಯಾರೋಯ್ ಅನ್ನೋ ಕಡೆ ವರ್ಷಗಟ್ಟಲೆ ಬ್ಯಾಟರಿ ಒಡೆದು ಮರಳಿನಲ್ಲಿ ಸೀಸ ಬೆರೆತಿತ್ತು. ಸೀಸಕ್ಕೆ ಬೆಲೆ ಏರಿದಾಗ ಹೆಂಗಸರು ಆ ಮರಳು ತಂದು ಮನೆ ಅಂಗಳದಲ್ಲಿ ಜರಡಿ ಹಿಡಿದರು, ಬೆನ್ನಲ್ಲಿ ಕೂಸು ಕಟ್ಟಿಕೊಂಡು. 2007ರ ಕೊನೆಯಿಂದ 2008ರ ಮಾರ್ಚ್‌ವರೆಗೆ 18 ಮಕ್ಕಳು ಸತ್ತರು. ಮೊದಮೊದಲು ಯಾರಿಗೂ ಕಾರಣ ಹೊಳೆದಿರಲಿಲ್ಲ.

ಅಡಿಗೆ ಮನೆಗೆ ಬರೋಣ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕೋದು ತವರದಲ್ಲಿ. ತವರ ದುಬಾರಿ, ಸೀಸ ಅಗ್ಗ, ನೋಡೋಕೆ ಎರಡೂ ಬೆಳ್ಳಗೆ. ಬೆರೆಸಿದರೆ ಗೊತ್ತಾಗಲ್ಲ. ನಮ್ಮಲ್ಲಿ ಕೆಲವು ಮನೆಗಳಲ್ಲಿ ಸಾರಿಗೆ ಅಂತಲೇ ಈಯದ ಚೊಂಬು ಇರುತ್ತೆ, ಅದೂ ತವರದ್ದೇ ಆಗಿರಬೇಕು. ಕಲಬೆರಕೆ ಆಗಿದ್ದರೆ ಹುಣಸೆಹುಳಿ, ಟೊಮೆಟೊ ಹಾಕಿ ಕುದಿಸಿದಾಗ ಸೀಸ ಸಾರಿಗೆ ಇಳಿಯುತ್ತೆ. ಗುರುತಿನವರಿಂದ, ಶುದ್ಧ ತವರ ಅಂತ ಖಾತ್ರಿ ಇದ್ದರೆ ಮಾತ್ರ ಇಟ್ಟುಕೊಳ್ಳಿ, ಇಲ್ಲದಿದ್ದರೆ ಸಾರು ಸ್ಟೀಲ್ ಪಾತ್ರೆಯಲ್ಲೇ ಆಗಲಿ, ರುಚಿ ಸ್ವಲ್ಪ ಕಮ್ಮಿ ಆದರೂ ಪರವಾಗಿಲ್ಲ.

ಅರಿಶಿನ ಇನ್ನೊಂದು. ಹಳದಿ ಹೊಳೀಲಿ ಅಂತ ಸೀಸದ ಕ್ರೋಮೇಟ್ ಬೆರೆಸೋದು ಉಂಟು. ಬಾಂಗ್ಲಾದೇಶದಲ್ಲಿ ಇದು ದೊಡ್ಡ ಸಮಸ್ಯೆ ಆಗಿತ್ತು. 2019ರಲ್ಲಿ ಅಧ್ಯಯನ ಬಂದ ಮೇಲೆ ಸರ್ಕಾರ ಮಾರುಕಟ್ಟೆಗೆ ಇಳಿದು ದಂಡ ಹಾಕಿತು, ಜನಕ್ಕೆ ಹೇಳಿತು. 2021ರ ಹೊತ್ತಿಗೆ ಮಾರುಕಟ್ಟೆಯ ಮಾದರಿಗಳಲ್ಲಿ ಅದು ಸಿಗಲೇ ಇಲ್ಲ. ಎರಡೇ ವರ್ಷ. ಬಡ ದೇಶ, ಆಗಲ್ಲ ಅನ್ನೋರಿಗೆ ಇದನ್ನ ಹೇಳಿ. ನಿಮ್ಮ ಮಟ್ಟಿಗೆ ಅರಿಶಿನದ ಕೊಂಬು ತಂದು ಒಣಗಿಸಿ ಮಿಲ್ಲಿಗೆ ಹಾಕಿಸಿದರೆ ಆಯ್ತು, ನಮ್ಮ ಅಜ್ಜಿಯಂದಿರು ಮಾಡ್ತಿದ್ದದ್ದೇ.

ಸಿಂಧೂರ ಅಂತ ಕೆಲವು ಕಡೆ ಮಾರೋ ಕಿತ್ತಳೆ ಬಣ್ಣದ ಪುಡಿ ಸೀಸದ ಆಕ್ಸೈಡೇ. ಮಕ್ಕಳ ಹಣೆಗೆ ಇಡಬೇಡಿ. ಕಣ್ಣಿಗೆ ಹಚ್ಚೋ ಸುರ್ಮಾದಲ್ಲಿ ಎಷ್ಟೋ ಸಲ ಇರೋದು ಸೀಸದ ಅದಿರು. ಭಸ್ಮ ಸೇರಿದ ಔಷಧಿಗಳಲ್ಲೂ ಎಚ್ಚರ ಬೇಕು. 2004ರಲ್ಲಿ ಅಮೆರಿಕದ ಬಾಸ್ಟನ್‌ನ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಉತ್ಪನ್ನಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ ದಾಟಬಾರದು ಅನ್ನೋ ನಿಯಮ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಅದಕ್ಕೂ ಹಿಂದಿನ ಕಿಟಕಿ, ಬಾಗಿಲು, ಶಾಲೆ ಗೇಟುಗಳ ಬಣ್ಣ ಒಣಗಿ ಉದುರ್ತಾ ಇದ್ದರೆ ಅದನ್ನ ಒಣದಾಗಿ ಉಜ್ಜಿ ಧೂಳೆಬ್ಬಿಸಬೇಡಿ, ಒದ್ದೆ ಮಾಡಿ ಕೆರೆಯಿರಿ, ಮಕ್ಕಳನ್ನ ದೂರ ಇಡಿ. ಪೆನ್ಸಿಲ್, ಆಟದ ಸಾಮಾನಿನ ಮೇಲಿನ ಬಣ್ಣವೂ ಬಾಯಿಗೆ ಹೋಗೋ ಬಣ್ಣವೇ, ಕಚ್ಚೋ ಅಭ್ಯಾಸ ಬಿಡಿಸಿ.

ಊಟದ ಬಗ್ಗೆ ಕೇಳ್ತೀರಿ. ಧೂಳಿಗೆ ಬೆಲ್ಲ ತಿಂದರೆ ಹೋಗುತ್ತೆ ಅಂತ ನಂಬಿಕೆ ಇದೆ. ಸೀಸಕ್ಕೆ ಅದು ನಡೆಯಲ್ಲ. ಆದರೆ ಕ್ಯಾಲ್ಸಿಯಂ, ಕಬ್ಬಿಣ ಮೈಯಲ್ಲಿ ಸಾಕಷ್ಟಿದ್ದ ಮಗು ಸೀಸವನ್ನ ಕಡಿಮೆ ಹೀರುತ್ತೆ. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇರುತ್ತೆ. ಮುದ್ದೆ, ಸೊಪ್ಪಿನ ಬಸ್ಸಾರು, ಒಂದು ಲೋಟ ಹಾಲು, ಜೊತೆಗೆ ಸೀಬೆಹಣ್ಣೋ ನಿಂಬೆಯೋ, ಇದು ಅಡ್ಡಗೋಡೆ. ಒಳಗೆ ಹೋದದ್ದನ್ನ ತೆಗೆಯೋ ಮದ್ದು ಅಲ್ಲ.

ಸರ್ಕಾರದಿಂದ ಏನು ಕೇಳಬೇಕು ಅನ್ನೋದೂ ಸ್ಪಷ್ಟವಾಗಿರಲಿ. ಅಂಗನವಾಡಿ, ಶಾಲೆಗಳಿಗೆ ಬರೋ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ತಂಡ ರಕ್ತಹೀನತೆ ನೋಡುತ್ತೆ, ಕಣ್ಣು ಕಿವಿ ನೋಡುತ್ತೆ, ಬೆಳವಣಿಗೆ ಹಿಂದುಳಿದಿದೆಯಾ ನೋಡುತ್ತೆ. ಆ ಪಟ್ಟಿಯಲ್ಲಿ ಸೀಸ ಇಲ್ಲ. ಎಲ್ಲಾ ಮಕ್ಕಳಿಗೂ ಮಾಡಿ ಅಂತ ನಾನು ಹೇಳಲ್ಲ. ಬ್ಯಾಟರಿ ಅಂಗಡಿ, ಗುಜರಿ, ಕುಲುಮೆ ಪಕ್ಕದ ಮಕ್ಕಳಿಗೆ, ಕಬ್ಬಿಣದ ಮಾತ್ರೆ ತಿಂದರೂ ರಕ್ತ ಏರದ ಮಕ್ಕಳಿಗೆ, ಮಣ್ಣು ಸುಣ್ಣ ತಿನ್ನೋ ಮಕ್ಕಳಿಗೆ, ಆ ಕೆಲಸದ ಮನೆಗಳ ಬಸುರಿಯರಿಗೆ ಮಾಡಿ. ಹೇಗೂ ಹಿಮೋಗ್ಲೋಬಿನ್‌ಗೆ ರಕ್ತ ತೆಗೀತೀರಿ. ಮಾಲೂರಿಂದ ಬೆಂಗಳೂರಿಗೆ ಮಾದರಿ ಕಳಿಸೋದು ಒಂದು ಬೆಳಗ್ಗೆಯ ಕೆಲಸ. ಎಲ್ಲೋ ರಾತ್ರಿ ಹೊತ್ತು ಕರಗಿಸೋ ಹೊಗೆ ಕಂಡರೆ ಪಂಚಾಯ್ತಿಗೆ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರವಣಿಗೆಯಲ್ಲಿ ದೂರು ಕೊಡಿ, ಸ್ವೀಕೃತಿ ಇಸ್ಕೊಳ್ಳಿ.

ಪರೀಕ್ಷೆ ಮಾಡಿಸಿದವರು ವರದಿ ಹೀಗೆ ಓದಿ. 5 ದಾಟಿದ್ದರೆ ಮನೆಯಲ್ಲಿ ಮೂಲ ಯಾವುದು ಅಂತ ಹುಡುಕಿ ನಿಲ್ಲಿಸಬೇಕು, ಒಂದೆರಡು ತಿಂಗಳಿಗೆ ಮತ್ತೆ ನೋಡಬೇಕು. 45 ದಾಟಿದ್ದರೆ ಆಸ್ಪತ್ರೆಗೆ ಸೇರಿಸಿ ಸೀಸ ಹೊರತೆಗೆಯೋ ಔಷಧಿ ಕೊಡ್ತಾರೆ. ಅದನ್ನ ಗೊತ್ತಿರೋ ವೈದ್ಯರೇ ಕೊಡಬೇಕು. ಮೂಲ ಹಾಗೇ ಇದ್ದರೆ ಔಷಧಿ ಕೊಟ್ಟೂ ಪ್ರಯೋಜನ ಇಲ್ಲ, ಮಗು ಅದೇ ಅಂಗಳಕ್ಕೆ ವಾಪಸ್ ಹೋಗುತ್ತೆ.

ಕೊನೆಗೆ, ಬ್ಯಾಟರಿ, ರೇಡಿಯೇಟರ್, ಬೆಸುಗೆ, ಬಣ್ಣದ ಕೆಲಸ ಮಾಡೋ ಅಣ್ಣಂದಿರಿಗೆ ಒಂದು ಮಾತು. ಧೂಳು ನಿಮ್ಮ ಬಟ್ಟೆ, ಕೂದಲು, ಚಪ್ಪಲಿಯಲ್ಲಿ ಮನೆಗೆ ಬರುತ್ತೆ. ಮಗು ಓಡಿ ಬಂದು ಎತ್ಕೋ ಅನ್ನುತ್ತೆ, ಗೊತ್ತು. ಅಂಗಡಿಯಲ್ಲೇ ಕೈಕಾಲು ಮುಖ ಸೋಪು ಹಾಕಿ ತೊಳ್ಕೊಳ್ಳಿ, ಬಟ್ಟೆ ಬದಲಾಯಿಸಿ, ಆಮೇಲೆ ಎತ್ಕೊಳ್ಳಿ. ಕೆಲಸದ ಜಾಗದಲ್ಲಿ ಬೀಡಿ, ಎಲೆಅಡಿಕೆ, ಊಟ ಬೇಡ. ಆ ಬಟ್ಟೆಯನ್ನ ಮನೆಯವರ ಬಟ್ಟೆ ಜೊತೆ ನೆನೆಹಾಕಬೇಡಿ, ಒಗೆದ ನೀರನ್ನ ಮಕ್ಕಳು ಆಡೋ ಕಡೆ ಚೆಲ್ಲಬೇಡಿ.

ನಿಮ್ಮೂರಿನ ಪ್ರಶ್ನೆ ಏನಾದರೂ ಇದ್ದರೆ ಬರೆದು ಕಳಿಸಿ, ಮುಂದಿನ ವಾರ ಉತ್ತರ ಹೇಳೋಣ.